ಬ್ಲೀಚಿಗೆ ಮೊದಲು ಒಂದೆಳೆ ಕೂದಲು

ಯುಗಾದಿಗೆ ಮೊದಲಿನ ಗುರುವಾರ, ಗೌರಿಬಿದನೂರಿನ ಬ್ಯೂಟಿ ಪಾರ್ಲರ್‌ನವರೊಬ್ಬರು ನನ್ನ ತಂಗಿಯ ಕೂದಲಿಗೆ ಬ್ಲೀಚ್ ಹಾಕಲು ನಿರಾಕರಿಸಿದರು. ಭಾನುವಾರ ಅವಳ ನಿಶ್ಚಿತಾರ್ಥವಿತ್ತು. ಅಷ್ಟರೊಳಗೆ ಕೂದಲು ಜೇನಿನ ಬಣ್ಣಕ್ಕೆ ಬರಬೇಕೆಂದು ಅವಳ ಹಟ.

ಕುರ್ಚಿಯಲ್ಲಿ ಕೂತವರ ಜಡೆ ಬಿಚ್ಚಿ ಅವರು ಮೊದಲು ಮೂಸಿ ನೋಡುತ್ತಿದ್ದರು. "ಏನೇನ್ ಹಚ್ಚಿದ್ದೀಯಾ, ಎಲ್ಲಾ ಹೇಳ್ಬಿಡಮ್ಮ" ಎನ್ನುವುದು ಅವರ ಮಾಮೂಲಿ ಮಾತು. ಅಂದೂ ಕೇಳಿದರು.

"ಏನೂ ಇಲ್ಲ ಆಂಟಿ" ಎಂದಳು ತಂಗಿ.

ಅವರು ಕಿವಿಯ ಹಿಂದಿನಿಂದ ಒಂದೆಳೆ ಕತ್ತರಿಸಿ ಬ್ಲೀಚ್ ಬಟ್ಟಲಲ್ಲಿ ಅದ್ದಿದರು. ಸ್ವಲ್ಪ ಹೊತ್ತಿಗೆ ಬಟ್ಟಲು ಬಿಸಿಯಾಗಿ ಹೊಗೆಯಾಡಿತು. ಎತ್ತಿದರೆ ಎಳೆ ಬೆರಳಲ್ಲೇ ತುಂಡಾಯಿತು.

"ಎಲ್ಲಾ ಹೇಳ್ಬಿಡಮ್ಮ."

"ದೊಡ್ಡಮ್ಮ ಕರೀ ಗೋರಂಟಿ ಪುಡಿ ಹಚ್ಚಿದ್ರು. ಶುಭಕಾರ್ಯಕ್ಕೆ ಮುಂಚೆ ತಲೆ ತಂಪಾಗಿರ್ಲಿ ಅಂತ."

"ತಂಪಾ? ಬಟ್ಟಲು ಮುಟ್ಟಿ ನೋಡೇ! ಆ ಪುಡೀಲಿರೋ ಕೆಮಿಕಲ್‌ಗೂ ಬ್ಲೀಚಿಗೂ ಆಗ್ಬರಲ್ಲ. ಗಂಡಿನ ಕಡೆಯೋರಿಗೆ ಬೋಳುತಲೆ ತೋರಿಸ್ತೀಯಾ?"

"ನೀವ್ ಹಾಕ್ದಿದ್ರೆ ಬಸ್ ಸ್ಟ್ಯಾಂಡ್ ಹತ್ರದೋರು ಹಾಕ್ತಾರೆ" ಎಂದು ತಂಗಿ ಎದ್ದಳು. ನಾನೂ ಹಿಂದೆಯೇ ಹೋದೆ.

ಬಸ್ ಸ್ಟ್ಯಾಂಡ್ ಹತ್ತಿರದ ಪಾರ್ಲರ್‌ನವರ ಜೊತೆ ಈ ಮೊದಲಿನ ಆಂಟಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅಲ್ಲಿ ಆಕೆ ತಂಗಿಯ ಹೆಗಲಿಗೆ ಟವೆಲ್ ಹೊದಿಸಿ ಬ್ಲೀಚ್ ಕಲಸುತ್ತಿದ್ದಾಗ ಫೋನ್ ಬಂತು. ಸ್ಪೀಕರಿನಲ್ಲಿ ನಮಗೂ ಕೇಳಿಸಿತು.

"ನಾನ್ ಕಣಮ್ಮ, ಫೋನ್ ಇಡ್ಬೇಡ. ಹಸಿರು ಚೂಡಿದಾರದ ಹುಡುಗಿ ಬಂದ್ರೆ ಮುಟ್ಬೇಡ. ತಲೇಲಿ ಕರೀ ಗೋರಂಟಿ ಐತೆ."

ಆಕೆ ಫೋನ್ ಇಟ್ಟು, ತಂಗಿಯ ಹೆಗಲಿನ ಟವೆಲ್ ತೆಗೆದರು.

ಭಾನುವಾರ ತಂಗಿ ಕಪ್ಪು ಜಡೆಯಲ್ಲೇ ನಿಶ್ಚಿತಾರ್ಥಕ್ಕೆ ಕೂತಳು. ಆ ಇಬ್ಬರು ಪಾರ್ಲರ್‌ನವರು ಈಗಲೂ ಪರಸ್ಪರ ಮಾತನಾಡುವುದಿಲ್ಲ.