ಮೊದ್ಲ ಕಾಲು ತೋರ್ಸು, ಚಪ್ಪಲಿ ಆಮ್ಯಾಲ

ಬೆಳಗಿನ ಐದೂವರೆ. ಬ್ಯಾಡಗಿ ಪಟ್ಟಣದ ಅಂಚಿನಲ್ಲಿರುವ ಬಾಲಕಿಯರ ವಸತಿ ನಿಲಯದ ಹಿತ್ತಲಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರಿನ ತೊಟ್ಟಿಯ ಪಕ್ಕದಲ್ಲಿ ಹುಡುಗಿಯರು ಆಕಳಿಸುತ್ತ ಸಾಲಾಗಿ ನಿಂತಿದ್ದಾರೆ. ಸಾಲಿನ ತುದಿಯಲ್ಲಿ ಮೋಟು ಮಣೆಯ ಮೇಲೆ ಕುಳಿತ ಗದಿಗೆವ್ವ, ಬಂದವಳ ಪಾದವನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಟಾರ್ಚ್ ಬಿಡುತ್ತಾರೆ. ಅಂಗಾಲು, ಹಿಮ್ಮಡಿ, ಬೆರಳ ಸಂದಿ. ಆಮೇಲೆ ಕೈ, ಉಗುರು, ಕಿವಿಯ ಹಿಂಭಾಗ, ತಲೆ. ಒಬ್ಬಳಿಗೆ ಅರ್ಧ ನಿಮಿಷ. ಎಂಬತ್ತನಾಲ್ಕು ಹುಡುಗಿಯರು.

ಐದನೇ ತರಗತಿಯ ಒಬ್ಬಳು ಎಡಗೈಯನ್ನು ಲಂಗದ ಮರೆಗೆ ಸರಿಸುತ್ತಾಳೆ. ಗದಿಗೆವ್ವ ಅದನ್ನು ಮೆಲ್ಲಗೆ ಹೊರಗೆಳೆಯುತ್ತಾರೆ. ತೋರುಬೆರಳು ಬಾತಿದೆ.

"ಏನಾತವ್ವಾ ಇದಕ್ಕ?"

"ಟ್ರಂಕಿನ ಮುಚ್ಚಳ ಬಿತ್ರಿ ಆಯಿ."

"ಯಾವಾಗ?"

"ನಿನ್ನಿ ಸಂಜಿಕ."

"ನಿನ್ನಿ ಸಂಜಿಕ ಬಿದ್ದಿದ್ದು ನಿನ್ನಿ ಸಂಜಿಕನ ಹೇಳ್ಬೇಕು. ನಾ ಎಲ್ಲಿ ಹೋಗಿರ್ತೇನಿ? ಒಲಿ ಮುಂದ ಇರ್ತೇನಿ. ಬಾ, ಕುಂದ್ರು."

ದನಿಯಲ್ಲಿ ಗದರಿಕೆ ಇಲ್ಲ. ಹುಡುಗಿ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾಳೆ. ಹಾಲು ಕಾಯಿಸಿಟ್ಟ ಮೇಲೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇವತ್ತಿನ ಕೆಲಸಗಳ ಪಟ್ಟಿಗೆ ಸೇರಿತು.

ಕಾಗದದಲ್ಲಿ ಗದಿಗೆವ್ವನ ಹುದ್ದೆ ಅಡುಗೆ ಸಹಾಯಕಿ. ತರಕಾರಿ ಹೆಚ್ಚುವುದು, ಅಕ್ಕಿ ತೊಳೆಯುವುದು, ಪಾತ್ರೆ ತಿಕ್ಕುವುದು. ಹುಡುಗಿಯರ ಉಗುರು ನೋಡು ಎಂದು ಯಾರೂ ಅವರಿಗೆ ಆದೇಶ ಕೊಟ್ಟಿಲ್ಲ. ಇಪ್ಪತ್ತೇಳು ವರ್ಷಗಳಿಂದ ಅವರೇ ಹಚ್ಚಿಕೊಂಡ ಕೆಲಸ ಇದು. ಹೊಸದಾಗಿ ಬಂದ ಹುಡುಗಿಗೆ ಮೊದಲ ವಾರ ಅವರೇ ಗುರು. ಹಲ್ಲು ಹೇಗೆ ಉಜ್ಜಬೇಕು, ಒದ್ದೆ ಟವೆಲ್ ಯಾಕೆ ಟ್ರಂಕಿನೊಳಗೆ ತುರುಕಬಾರದು, ಇನ್ನೊಬ್ಬಳ ಬಾಚಣಿಗೆ ಯಾಕೆ ಮುಟ್ಟಬಾರದು, ಮುಟ್ಟಾದಾಗ ಯಾರಿಗೆ ಹೇಳಬೇಕು, ಬಟ್ಟೆ ಎಲ್ಲಿ ಒಣಹಾಕಬೇಕು. ಪ್ರತಿಯೊಬ್ಬಳ ಚಾದರ, ಟವೆಲ್, ಸಮವಸ್ತ್ರದ ಅಂಚಿಗೆ ಅವಳದೇ ಬಣ್ಣದ ದಾರದಿಂದ ಎರಡು ಹೊಲಿಗೆ. ಎಂಬತ್ತನಾಲ್ಕು ಬಣ್ಣ ಎಲ್ಲಿ ಸಿಗಬೇಕು? ಹಾಗಾಗಿ ಕೆಂಪಿಗೆ ಹಸಿರು, ಹಳದಿಗೆ ನೀಲಿ ಎಂದು ಜೋಡಿ ಮಾಡುತ್ತಾರೆ. ಹೊಲಿಗೆಯನ್ನು ಹುಡುಗಿಯೇ ಹಾಕಬೇಕು. ಇವರು ಸೂಜಿಗೆ ದಾರ ಪೋಣಿಸಿ ಕೊಡುತ್ತಾರೆ, ಅಷ್ಟೇ.

ಮೆಣಸಿನಕಾಯಿ ಸುಗ್ಗಿಯಲ್ಲಿ ಇನ್ನೊಂದು ಪಾಠವಿದೆ. ಭಾನುವಾರ ಊರಿಗೆ ಹೋದ ಹುಡುಗಿಯರು ಅವ್ವಂದಿರ ಜೊತೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿ, ಉರಿಯುವ ಕೈ ಹೊತ್ತು ಬರುತ್ತಾರೆ. "ನೀರಿಗೆ ಓಡ್ತಾವ್ರಿ. ನೀರು ಹಾಕಿದ್ರ ಮತ್ತಿಷ್ಟು ಉರೀತೈತಿ. ಮೊದ್ಲ ಅಡಗಿಗೆ ಹಾಕೂ ಒಳ್ಳೆಣ್ಣಿ ತಿಕ್ಕಬೇಕು, ಆಮ್ಯಾಲ ಸಬಕಾರ ಹಚ್ಚಿ ತೊಳೀಬೇಕು. ಅಲ್ಲೀಮಟ ಕಣ್ಣು ಮುಟ್ಟಂಗಿಲ್ಲ," ಎನ್ನುತ್ತಾರೆ. ಇದು ಅವರು ಮೈಮೇಲೆ ಕಲಿತದ್ದು. ಕದರಮಂಡಲಗಿಯಲ್ಲಿ ಹುಟ್ಟಿ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಹನ್ನೊಂದನೇ ವಯಸ್ಸಿನಿಂದ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತವರು. ಗಂಡ ಕರಬಸಪ್ಪ ಹಮಾಲಿ ಮಾಡುತ್ತಿದ್ದರು. ಬೆನ್ನು ನೋವೆಂದು ಯಾರ ಮುಂದೆಯೂ ಬಾಯಿ ಬಿಡದೆ, ಕೊನೆಗೆ ಎದ್ದು ನಿಲ್ಲಲಾಗದೆ ಮನೆ ಹಿಡಿದರು. ಅವರಿಗಾಗಿಯೇ ಗದಿಗೆವ್ವ ಈ ನಿಲಯದ ಕೆಲಸಕ್ಕೆ ಸೇರಿದ್ದು. ಕರಬಸಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು.

ಇಷ್ಟನ್ನು ಬರೆದು, ಒಳ್ಳೆಯ ಹೆಂಗಸು ಎಂದು ಮುಗಿಸಬಹುದಿತ್ತು. ಆದರೆ ಗದಿಗೆವ್ವನೇ ಬಿಡಲಿಲ್ಲ. "ನನ್ನ ಬಗ್ಗೆ ಬರಿಯೂದಾದ್ರ ದ್ರಾಕ್ಷಾಯಿಣಿದೂ ಬರೀರಿ. ಅದನ್ನ ಬಿಟ್ಟು ಬರದ್ರ ಸುಳ್ಳಾಕ್ಕೈತಿ," ಎಂದು ಕೈ ಒರೆಸಿಕೊಂಡು ಎದುರಿಗೆ ಕುಳಿತರು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಬೆಳಗಿನ ಸಾಲು ಬೇರೆ ರೀತಿ ಇತ್ತು. ಮೊದಲು ಸಾಮಾನು, ಆಮೇಲೆ ಮೈ, ಅದೂ ನಿಂತುಕೊಂಡೇ, ಕೈ ತಲೆಯಷ್ಟೇ. ಯಾರ ಲೋಟ ಇಲ್ಲ, ಯಾರ ಸೋಪು ಇಲ್ಲ, ಅವರು ಎಲ್ಲರೆದುರು ಮುಂದೆ ಬಂದು ನಿಲ್ಲಬೇಕು. "ಆಗ ನನ್ನ ಬಾಯಿ ಭಾಳ ಜೋರಿತ್ರಿ. ಈ ಹಾಸ್ಟೆಲ್ಲಿನಾಗ ಒಂದು ಸೂಜಿ ಕಳಿಯಂಗಿಲ್ಲ ಅಂತ ಮ್ಯಾಲಿನವರು ಹೊಗಳತಿದ್ರು. ಅದು ತಲಿಗೆ ಏರಿತ್ತು."

ದ್ರಾಕ್ಷಾಯಿಣಿ ಗಳಗನಾಥದ ಹುಡುಗಿ, ಆರನೇ ತರಗತಿ. ಮಾತಿನ ಮಲ್ಲಿ. ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಎರಡು ಹೊಳೆ ಕೂಡುವ ಕಡೆ ನೀರಿನ ಬಣ್ಣ ಹೇಗೆ ಬೇರೆ ಬೇರೆ ಕಾಣುತ್ತದೆ ಎಂದು ಇವರಿಗೆ ಕಥೆ ಹೇಳುತ್ತಿದ್ದಳು. ಗದಿಗೆವ್ವನಿಗೆ ಅವಳೆಂದರೆ ಒಂದು ಕೈ ಹೆಚ್ಚೇ ಅಕ್ಕರೆ. ಆದರೆ ಆ ವರ್ಷ ಅವಳು ಎರಡು ಜೊತೆ ಚಪ್ಪಲಿ ಕಳೆದಿದ್ದಳು. ತಾಯಿ ಮಂಗಳವ್ವ ಮೂರನೇ ಜೊತೆ ತಂದುಕೊಟ್ಟು ಹೋದ ಮರುದಿನ, ಸಾಲಿನಲ್ಲಿ ಎಲ್ಲರೆದುರು ಗದಿಗೆವ್ವ ಅಂದರು: "ಇನ್ನೊಮ್ಮೆ ಕಳದ್ರ ನಿಮ್ಮವ್ವನ್ನ ಕರಸ್ತೇನಿ. ಆಕಿ ಮುಂದ ಇಡೀ ದಿನ ಬರಿಗಾಲಾಗ ನಿಂದ್ರಸ್ತೇನಿ."

ವಾರ ಕಳೆಯುವುದರೊಳಗೆ ಒಂದು ಕಾಲಿನ ಚಪ್ಪಲಿ ಕಾಣೆಯಾಯಿತು. ಹುಡುಗಿ ಇನ್ನೊಂದನ್ನು ಟ್ರಂಕಿನ ತಳಕ್ಕೆ ಸೇರಿಸಿದಳು. ಬೆಳಗಿನ ಸಾಲಿನಲ್ಲಿ ಗೆಳತಿಯೊಬ್ಬಳ ಚಪ್ಪಲಿ ಎರವಲು ತಂದು ತೋರಿಸಿದಳು. ಶಾಲೆಗೆ ಹೋಗುವಾಗ ಗುಂಪಿನ ನಡುವೆ ಸೇರಿಕೊಂಡು ಬರಿಗಾಲಲ್ಲೇ ಹೊರಟಳು. ದಾರಿಯಲ್ಲಿ ಯಾರದೋ ಮನೆ ಕಟ್ಟುತ್ತಿದ್ದರು. ಅಲ್ಲಿ ಬಿದ್ದಿದ್ದ ಹಲಗೆಯ ಮೊಳೆ ಬಲಗಾಲಿಗೆ ಹೊಕ್ಕಿತು. ಹಳೆಯ ಲಂಗದ ಚೂರು ಹರಿದು ಕಟ್ಟಿಕೊಂಡಳು. ಯಾರಿಗೂ ಹೇಳಲಿಲ್ಲ.

"ಕುಂಟಾಕತ್ತಿದ್ಲು. ಕೇಳಿದೆ. ಆಟ ಆಡೂವಾಗ ಉಳುಕೇತ್ರಿ ಆಯಿ ಅಂದ್ಲು. ನನ್ನ ಕೈಯಾಗ ಹಿಟ್ಟಿತ್ತು. ಹೂಂ ಅಂದು ಬಿಟ್ಟೆ. ಬಗ್ಗಿ ನೋಡ್ಲಿಲ್ರಿ. ಬಗ್ಗಿ ನೋಡಿದ್ರ ಅಲ್ಲಿಗೆ ಮುಗೀತಿತ್ತು."

ಆರನೇ ದಿನ ಬೆಳಿಗ್ಗೆ ಹುಡುಗಿ ಏಳಲಿಲ್ಲ. ಮೈ ಕೆಂಡವಾಗಿತ್ತು. ಚಾದರ ಸರಿಸಿದಾಗ ವಾಸನೆಯೇ ಎಲ್ಲವನ್ನೂ ಹೇಳಿತು. ಆಟೋದಲ್ಲಿ ಊರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾವೇರಿಗೆ, ಹಾವೇರಿಯಿಂದ ಹುಬ್ಬಳ್ಳಿಗೆ. ದಾರಿಯುದ್ದಕ್ಕೂ ತಲೆ ಗದಿಗೆವ್ವನ ತೊಡೆಯ ಮೇಲಿತ್ತು. ಹೆದ್ದಾರಿಯಲ್ಲಿ ಎಲ್ಲೋ ಒಮ್ಮೆ ಕಣ್ಣು ತೆರೆದ ಹುಡುಗಿ, "ಆಯಿ, ಚಪ್ಪಲಿ ಎರಡೂ ಕಳದಿಲ್ರಿ. ಒಂದೈತಿ, ಟ್ರಂಕಿನಾಗೈತಿ. ಅವ್ವಗ ಹೇಳಬ್ಯಾಡ್ರಿ," ಅಂದಳು.

ಜೀವ ಉಳಿಯಿತು. ಬಲ ಪಾದದ ಮುಂಭಾಗವನ್ನು ತೆಗೆಯಬೇಕಾಯಿತು. ಗಳಗನಾಥದಿಂದ ಓಡಿ ಬಂದ ಮಂಗಳವ್ವ ಕೂಗಾಡಲಿಲ್ಲ. "ನಿನ್ನ ಮ್ಯಾಲ ಭಾರ ಹಾಕಿ ಹೋಗಿದ್ನಲ್ಲವ್ವಾ," ಎಂದಷ್ಟೇ ಹೇಳಿ ಮಗಳ ಹಾಸಿಗೆಯ ಕಡೆ ತಿರುಗಿದಳು.

ಮೂರು ವಾರದ ನಂತರ ಕಾಂಪೌಂಡಿನ ಹಿಂದಿನ ಪೊದೆ ಕಡಿಯುವಾಗ ಆ ಚಪ್ಪಲಿ ಸಿಕ್ಕಿತು. ನಾಯಿ ಕಚ್ಚಿಕೊಂಡು ಹೋಗಿತ್ತು. ಪಟ್ಟಿಯ ಮೇಲೆ ಹಲ್ಲಿನ ಗುರುತುಗಳಿದ್ದವು. ಹುಡುಗಿ ಅದನ್ನು ಕಳೆದೇ ಇರಲಿಲ್ಲ.

ವಿಚಾರಣೆಯಾಯಿತು. ಗದಿಗೆವ್ವನ ಮೇಲೆ ಯಾವ ಕ್ರಮವೂ ಆಗಲಿಲ್ಲ. "ಹುಡುಗಿ ಗಾಯ ಆಗಿದ್ದು ಹೇಳ್ಲಿಲ್ಲ ಅಂತ ಬರಕೊಂಡ್ರು. ಹೇಳ್ಲಿಲ್ಲ, ಖರೇ. ಯಾಕ ಹೇಳ್ಲಿಲ್ಲ ಅಂತ ಯಾರೂ ಕೇಳಲಿಲ್ರಿ. ಕೇಳಿದ್ರ ನಾ ಹೇಳತಿದ್ದೆ. ಕೇಳದಿದ್ರೂ ಹೇಳಬೇಕಿತ್ತು. ಕೆಲಸ ಹೋದೀತು ಅಂತ ನಾನೂ ಬಾಯಿ ಮುಚ್ಚಿಕೊಂಡು ಕುಂತೆ."

ತಿಂಗಳು ರಜೆ ಹಾಕಿ ಕದರಮಂಡಲಗಿಯ ತಮ್ಮನ ಮನೆಯಲ್ಲಿದ್ದರು. ಮರಳಿ ಬಂದ ಮೊದಲ ದಿನವೇ ಸಾಲಿನ ಕ್ರಮ ತಿರುಗಿಸಿದರು. ಮೊದಲು ಕಾಲು. ಸಾಮಾನಿನ ಮಾತು ಆಮೇಲೆ, ಅದೂ ಒಬ್ಬೊಬ್ಬಳನ್ನೇ ಕರೆದು. ಬಿಟ್ಟುಹೋದ ಹುಡುಗಿಯರ ಹಳೆಯ ಚಪ್ಪಲಿಗಳನ್ನು ತೊಳೆದು ಬಾಗಿಲ ಬಳಿ ಹಲಗೆಯ ಮೇಲೆ ಜೋಡಿಸಿಟ್ಟಿದ್ದಾರೆ. ಇಲ್ಲದವಳು ಕೇಳದೆ ಮೆಟ್ಟಿಕೊಂಡು ಹೋಗಬಹುದು. ಕಳೆದದ್ದು ಸಿಗುವವರೆಗೆ ಹುಡುಕುವುದು ಕಳೆದವಳ ಜವಾಬ್ದಾರಿ. ಜೊತೆಗೆ ಇವರೂ ಹುಡುಕುತ್ತಾರೆ.

ಈಗಿನ ವಾರ್ಡನ್ ಪುಷ್ಪಾವತಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಸಾಮಾನು ಮೊದಲಿಗಿಂತ ಸ್ವಲ್ಪ ಹೆಚ್ಚ ಕಳೀತಾವ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಹೋದ ವರ್ಷ ಹತ್ತೊಂಬತ್ತು ಹುಡುಗ್ಯಾರನ್ನ ಆಸ್ಪತ್ರಿಗೆ ಕಳಿಸೇವಿ. ಹದಿನಾರು ಮಂದಿ ತಾವ ಬಂದು ಹೇಳಿದವರು. ಜ್ವರ, ಕಿವಿ ಸೋರೂದು, ಹುಣ್ಣು. ಮೊದ್ಲ ಇವೆಲ್ಲಾ ಚಾದರದ ಒಳಗ ಇರ್ತಿದ್ವು."

ದ್ರಾಕ್ಷಾಯಿಣಿಗೆ ಈಗ ಇಪ್ಪತ್ತೆರಡು. ರಾಣೆಬೆನ್ನೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಹೊಲಿಗೆ ಅಂಗಡಿಯಲ್ಲಿ ಕುಬಸ ಹೊಲಿಯುತ್ತಾಳೆ. ಬಲಗಾಲಿನ ಬೂಟಿನ ತುದಿಗೆ ಬಟ್ಟೆ ತುರುಕಿದ್ದಾಳೆ. ಮಷಿನ್ನಿಗೆ ಮೋಟಾರು ಕೂಡಿಸಿದ್ದರಿಂದ ತೊಂದರೆಯಿಲ್ಲವಂತೆ. ನಾನು ಹೋದಾಗ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದಳು.

"ಕಾಲು ಮಾಯೂದ್ರಾಗ ವರ್ಷ ಹೋತ್ರಿ. ಆಮ್ಯಾಲ ಶಾಲಿಗೆ ಹೋಗು ಅಂತ ಯಾರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ನನ್ನ ಗೆಳತ್ಯಾರು ಇಬ್ಬರು ನರ್ಸ್ ಆಗ್ಯಾರ. ಅವರು ಕುಬಸ ಹೊಲಿಸಾಕ ಬಂದ ದಿನ ಒಂದಷ್ಟು ಸಂಕಟ ಆಕ್ಕೈತಿ." ಗದಿಗೆವ್ವನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ರೊಟ್ಟಿ ಮುರಿಯುತ್ತಲೇ ಅಂದಳು: "ಏನ್ ಹೇಳ್ಲಿ? ನನ್ನ ತಲಿ ಹಿಕ್ಕಿದಾಕಿ, ಜಡಿ ಹಾಕಿದಾಕಿ. ಆಂಬುಲೆನ್ಸಿನಾಗ ನನಗಿಂತ ಹೆಚ್ಚ ಅತ್ತಾಕಿ. ಸಿಟ್ಟು ಯಾರ ಮ್ಯಾಲ ಹಾಕ್ಲಿ?" ರೊಟ್ಟಿಯ ಚೂರನ್ನು ಬುತ್ತಿಗೆ ವಾಪಸ್ ಇಟ್ಟು ಅಂದಳು: "ಆದ್ರ ಬ್ಯಾಡಗಿ ಬಸ್ಸು ಹತ್ತಾಕ ಇನ್ನೂ ಮನಸಾಗಂಗಿಲ್ರಿ."

ಗದಿಗೆವ್ವ ಮುಂದಿನ ಮೇ ತಿಂಗಳಿಗೆ ಕೆಲಸ ಬಿಡುತ್ತಾರೆ. ಮೊಣಕಾಲು ಮೊದಲಿನ ಹಾಗೆ ಮಡಚುವುದಿಲ್ಲ. ತಮ್ಮ ಜಾಗಕ್ಕೆ ಬರುವವಳಿಗೆ ಏನು ಹೇಳಿಕೊಡುತ್ತೀರಿ ಎಂದರೆ, "ಮಣಿ ಮ್ಯಾಲ ಕುಂದ್ರಂತ ಹೇಳತೇನಿ. ನಿಂತು ನೋಡಿದ್ರ ಕಾಲು ಕಾಣಂಗಿಲ್ಲ," ಎನ್ನುತ್ತಾರೆ.

ಏಳೂವರೆಯಾಗಿದೆ. ಬೆರಳು ಬಾತ ಹುಡುಗಿ ಹಾಲು ಕುಡಿದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಸೆರಗು ಸರಿಪಡಿಸಿಕೊಂಡು ಏಳುವ ಗದಿಗೆವ್ವನಿಗೆ ಕೊನೆಯದಾಗಿ, ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ. ಅವರು ಹುಡುಗಿಯ ಬಲಗೈ ಹಿಡಿದುಕೊಂಡು ಅಲ್ಲೇ ನಿಲ್ಲುತ್ತಾರೆ.

"ದ್ರಾಕ್ಷಾಯಿಣಿ ಕಡೆ ಮೂರು ಸಲ ಹೋಗಿ ಬಂದೇನ್ರಿ. ಚಾ ಕೊಟ್ಲು. ಕುಬಸ ಹೊಲಿದ ಕೊಟ್ಲು. ಅವತ್ತಿಂದು ಒಂದ ಮಾತು ಎತ್ತಲಿಲ್ಲ. ಇಷ್ಟು ಹುಡುಗ್ಯಾರಿಗೆ ಬ್ಯಾನಿ ಬಾಯಿ ಬಿಟ್ಟು ಹೇಳಾಕ ಕಲಿಸೇನಿ, ಆಕಿಗಷ್ಟ ಕಲಿಸಾಕ ಆಗಲಿಲ್ಲ. ಒಂದ ಸಲ ಬಂದು ನನ್ನನ್ನ ಮನಸಿಗೆ ಬಂದಂಗ ಬೈದು ಹೋಗ್ಲಿ. ಅಷ್ಟಾದ್ರ ಸಾಕ್ರಿ ನನಗ."