ಹೇಳಿದಷ್ಟೇ ಬರೆದವಳು

ಮದುವೆಗೆ ಕೆಂಪು ಬಟ್ಟೆ, ಸಾವಿಗೆ ಬಿಳಿ ಬಟ್ಟೆ. ಎರಡರ ಮೇಲೂ ನಾಲ್ಕೇ ಚೀನೀ ಅಕ್ಷರದ ಹಾರೈಕೆ, ಪಕ್ಕದಲ್ಲಿ ಕಳಿಸಿದವರ ಹೆಸರು. ತೈವಾನಿನ ಚಿಯಾಯಿ ಸೀಮೆಯ ಆ ಸಣ್ಣ ಪೇಟೆಯಲ್ಲಿ ಯಾರ ಮನೆಯಲ್ಲಿ ಏನೇ ನಡೆಯಲಿ, ರಾಜಕಾರಣಿ ಬರುವುದಕ್ಕೆ ಮೊದಲೇ ಅವನ ಹೆಸರು ಹೊತ್ತ ಬಟ್ಟೆ ಬಂದು ಗೋಡೆಯ ಮೇಲೆ ಕೂತಿರುತ್ತದೆ. ಆ ಬಟ್ಟೆಗಳನ್ನೆಲ್ಲ ಬರೆಯುವವಳು ಆ-ಖೆಂಗ್. ಈಗ ಅರವತ್ತು ದಾಟಿದವಳು, ಮೂಗಿನ ತುದಿಯಲ್ಲೇ ಕೋಪ. "ನಾಲ್ಕಕ್ಷರ ಓದೋಕೂ ಪುರುಸೊತ್ತಿಲ್ದೋರು ಊರು ಆಳ್ತಾರಂತೆ!" ಎನ್ನುವುದು ಅವಳ ದಿನನಿತ್ಯದ ಜಪ.

ಕೌನ್ಸಿಲರ್ ತಾನ್ ಅಂತೂ ಇಪ್ಪತ್ತು ವರ್ಷಗಳಿಂದ ಎಲ್ಲ ಮದುವೆಗೂ ಒಂದೇ ಹಾರೈಕೆ ಬರೆಸುತ್ತಿದ್ದ: 'ಬೇಗ ಗಂಡುಮಗು ಹುಟ್ಟಲಿ'. ಅವನ ಕಚೇರಿಯವರು ಫೋನು ಮಾಡಿ, "ಯಾವಾಗ್ಲೂ ಬರೆಯೋದೇ, ಮೂರು," ಎಂದು ಇಟ್ಟುಬಿಡುತ್ತಿದ್ದರು. ಎರಡನೇ ಮದುವೆಯಾದ ಎಪ್ಪತ್ತೆರಡರ ಮುದುಕನಿಗೂ ಒಮ್ಮೆ ಅದೇ ಹೋಯಿತು. ಮುದುಕ ಅದನ್ನು ಹೆಮ್ಮೆಯಿಂದ ಬಾಗಿಲಲ್ಲಿ ತೂಗುಹಾಕಿಕೊಂಡಿದ್ದ, ಅದು ಬೇರೆ ಮಾತು.

ಅವಳಿಗೆ ಬರೆಯುವ ಕೈ ಬಂದದ್ದು ಅಪ್ಪನಿಂದ. ಹಾಗೆಂದು ಅಪ್ಪ ಕಲಿಸಿದ್ದಲ್ಲ. ಕಲಿಸಿದ್ದು ಅಣ್ಣನಿಗೆ, ಇವಳಿಗೆ ಮಸಿ ಅರೆಯುವ ಕೆಲಸ. ಅಣ್ಣನ ಅಕ್ಷರಗಳು ಕುಡಿದವನ ಹಾಗೆ ವಾಲಾಡತೊಡಗಿದಾಗ ಮಸಿ ಅರೆಯುತ್ತಿದ್ದವಳು ಕುಂಚ ಎತ್ತಿಕೊಂಡಳು. ಅಪ್ಪ ತೀರಿಕೊಂಡಾಗ ಅವನ ಸಾವಿನ ಬಟ್ಟೆ ಬರೆದದ್ದೂ ಅವಳೇ.

ಆ-ಖೆಂಗ್ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿದ್ದಾಗ ಆ-ಹುನ್ ಎಂಬಾಕೆ ಅಂಗಡಿಗೆ ಬಂದಳು, ಟರ್ಕಿ ಕೋಳಿ ಅನ್ನದ ತನ್ನ ಹೋಟೆಲಿಗೆ ಬೋರ್ಡು ಬರೆಸಲು. "ಕೋಳಿ ಅನ್ನೋ ಅಕ್ಷರ ಒಂಚೂರು ದಪ್ಪಗಿರ್ಲಿ, ನೋಡಿದ್ರೇ ಹಸಿವಾಗ್ಬೇಕು," ಎಂದಳು. ಬೋರ್ಡು ಕೊಡಲು ಹೋದ ಆ-ಖೆಂಗ್ ಊಟಕ್ಕೆ ಕೂತಳು, ಊಟಕ್ಕೆ ಕೂತವಳು ಹೋಟೆಲಿನ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟಳು. ಊರಿನವರು 'ಆಣೆ ಮಾಡಿಕೊಂಡ ಅಕ್ಕತಂಗಿಯರು' ಎಂದು ಹೆಸರಿಟ್ಟು ಕಣ್ಣು ಮುಚ್ಚಿಕೊಂಡರು.

ಮುಚ್ಚಿದ ಕಣ್ಣು 2018ರಲ್ಲಿ ತೆರೆಯಿತು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಬಹುದೇ ಎಂದು ತೈವಾನಿನವರೆಲ್ಲ ಮತ ಹಾಕುವ ಹೊತ್ತು. ತಾನ್ ನಲವತ್ತು ಬ್ಯಾನರು ಬರೆಸಿದ: 'ಒಬ್ಬ ಗಂಡ, ಒಬ್ಬಳು ಹೆಂಡತಿ. ಸಂಸಾರ ಉಳಿಸಿ.' ದೇವಸ್ಥಾನದ ಸಮಿತಿಯ ಅಧ್ಯಕ್ಷ ಗೋ ದೇವರನ್ನೇ ಕೇಳಿಬಿಡೋಣವೆಂದು ಅರ್ಧಚಂದ್ರದ ಹಾಗಿರುವ ಎರಡು ಮರದ ತುಂಡುಗಳನ್ನು ನೆಲಕ್ಕೆಸೆದ. ಒಂದು ಅಂಗಾತ, ಒಂದು ಬೋರಲಾದರೆ ದೇವರು ಒಪ್ಪಿದ. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ದೇವರು ನಗುತ್ತಿದ್ದಾನೆ ಎಂದರ್ಥ. ಅವತ್ತು ಎರಡೂ ಬೋರಲು ಬಿದ್ದವಂತೆ. "ದೇವ್ರಿಗೇ ಅಸಹ್ಯ ಆಗಿದೆ!" ಎಂದು ಗೋ ಮೈಕಿನಲ್ಲಿ ಕಿರುಚಿದ.

ಆ-ಖೆಂಗ್ ನಲವತ್ತನ್ನೂ ಬರೆದಳು. ಆಗೋದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳುವ ಎದೆ ಅವಳಿಗಿರಲಿಲ್ಲ. ಅವುಗಳಲ್ಲೊಂದು ಬಂದು ಹೋಟೆಲಿನ ಎದುರಿನ ಕಂಬವನ್ನೇ ಅಪ್ಪಿಕೊಂಡಿತು. ಆ-ಹುನ್ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದಳು. ಬೈಯಲಿಲ್ಲ, ಅಳಲಿಲ್ಲ. ಮೂರು ದಿನ ಊಟ ತಂದು ಮುಂದಿಟ್ಟು ಮಾತಿಲ್ಲದೆ ಒಳಗೆ ಹೋದಳು. ಮರುವರ್ಷ ಅಂಥ ಮದುವೆಗೆ ಒಪ್ಪಿಗೆ ಕೊಡುವ ಕಾನೂನು ಬಂದಾಗ, "ಅದನ್ನ ಬರೆದ ಕೈಯಿಂದ ಇದಕ್ಕೆ ಹೆಂಗೆ ಸಹಿ ಹಾಕ್ಲಿ?" ಎಂದು ಆ-ಖೆಂಗ್ ನೋಂದಣಿ ಕಚೇರಿಯ ದಾರಿ ತುಳಿಯಲೇ ಇಲ್ಲ. ಆ-ಹುನ್ ಒತ್ತಾಯ ಮಾಡಲಿಲ್ಲ.

2022ರ ವಸಂತದಲ್ಲಿ ಆ-ಹುನ್ ಸಮಾಧಿ ಗುಡಿಸುವ ಹಬ್ಬಕ್ಕೆ ತವರಿಗೆ ಹೋಗಿ ಬಂದಳು. ಬಂದವಳು ಕೊಡೆಯನ್ನೂ ಮೂಲೆಗಿಡದೆ ಕುರ್ಚಿಯಲ್ಲಿ ಕೂತುಬಿಟ್ಟಳು.

"ಎಡೆ ಇಡೋ ಹಿರಿಯರ ಹಲಗೆ ಮೇಲೆ ನಾನು ಸತ್ಮೇಲೆ ನನ್ನ ಹೆಸರೂ ಸೇರಿಸ್ತೀಯೇನೋ ಅಂತ ತಮ್ಮನ್ನ ಕೇಳ್ದೆ ಕಣೇ. ಮದುವೆಯಾಗದ ಹೆಣ್ಣಿನ ಹೆಸರು ತವರಿನ ಹಲಗೆ ಮೇಲೆ ಬರೆಯೋ ಹಾಗಿಲ್ಲ ಅಕ್ಕ, ನಿಂಗೇ ಗೊತ್ತಲ್ಲ ಅಂದ."

"ಅವನ ಬಾಯಿಗೆ ಮಣ್ಣು ಹಾಕ!"

"ಅವನನ್ನ ಬಯ್ದು ಏನಾಗ್ಬೇಕು? ಸತ್ತ ಮೇಲೆ ಯಾರದೋ ಬಾಗ್ಲಲ್ಲಿ ನಿಂತು ಒಂದು ತುತ್ತಿಗೆ ಕಾಯ್ಬೇಕಾ ನಾನು? ಜೀವಮಾನವೆಲ್ಲ ಊರಿಗೆ ಬಡಿಸಿದೋಳು. ದೇವಸ್ಥಾನದ ಹಿಂದಿನ ಪಡಸಾಲೇಲಿ ನಮ್ಮಿಬ್ಬರ ಹೆಸರಿನದು ಒಂದು ಹಲಗೆ ಇದ್ರೆ ಸಾಕು. ಅಲ್ಲಿ ದಿನಾ ಎಡೆ ಇಡ್ತಾರೆ."

ಪಡಸಾಲೆಯ ಬೀಗದ ಕೈ ಇದ್ದದ್ದು ಗೋ ಹತ್ತಿರ. ಅವನಿಗೆ ಕೈಮುಗಿಯುವುದಕ್ಕಿಂತ ಮಸಿ ಕುಡಿಯುವುದು ಮೇಲು ಎಂದು ಆ-ಖೆಂಗ್‌ಗೆ ಅನಿಸಿತು. ಆದರೆ ಆ-ಹುನ್ ಈವರೆಗೆ ಏನನ್ನೂ ಕೇಳಿದವಳಲ್ಲ.

ಚಳಿ ಬರುವ ಹೊತ್ತಿಗೆ ಮತ್ತೆ ಚುನಾವಣೆ. ತಾನ್ ಎದುರು ಮೂವತ್ತರ ಹೆಣ್ಣುಮಗಳೊಬ್ಬಳು ನಿಂತಿದ್ದಳು, ಕಾಲೇಜಿನವರೆಲ್ಲ ಅವಳ ಹಿಂದೆ. ವಾರ ಕಳೆಯುವಷ್ಟರಲ್ಲಿ ತಾನ್ ಕೊರಳಿಗೆ ಕಾಮನಬಿಲ್ಲಿನ ಬಣ್ಣದ ಶಾಲು ಸುತ್ತಿಕೊಂಡು, ಗೋನನ್ನು ಪಕ್ಕದಲ್ಲಿಟ್ಟುಕೊಂಡು ಹೋಟೆಲಿಗೇ ಬಂದ.

"ಖೆಂಗಕ್ಕಾ, ಹುನಕ್ಕಾ! ದೇವಸ್ಥಾನದಲ್ಲಿ ಸಾಮೂಹಿಕ ಮದುವೆ. ಹನ್ನೆರಡು ಜೋಡಿ, ಅದ್ರಲ್ಲಿ ನಾಲ್ಕು ನಿಮ್ಮಂಥೋರು. ಎಲ್ರಿಗಿಂತ ಹಿರೀರು ನೀವೇ, ಮೊದಲು ನೀವೇ ವೇದಿಕೆ ಹತ್ಬೇಕು. ನಾನು ಮೊದಲಿಂದ್ಲೂ ನಿಮ್ಮ ಪರ, ಗೊತ್ತಲ್ಲ?"

"ಗೊತ್ತಿಲ್ದೆ ಏನು? ಕೈ ನೋಯೋ ಹಾಗೆ ನಲವತ್ತು ಸಲ ಬರೆದಿದೀನಿ."

ತಾನ್ ಗೊಳ್ಳನೆ ನಕ್ಕ. ಅವನಿಗೆ ನೆನಪೇ ಇರಲಿಲ್ಲ. ಆ-ಖೆಂಗ್‌ಗೆ ಮೈ ಉರಿದದ್ದು ಅದಕ್ಕೆ.

"ದೇವ್ರೂ ಒಪ್ಪಿದಾನೆ," ಎಂದ ಗೋ. "ಮೂರು ಸಲ ಎಸೆದೆ, ಮೂರು ಸಲವೂ ಹೌದು ಅಂದ."

"ಪಾಪ, ನಾಕು ವರ್ಷ ಹಿಡೀತಾ? ಗುಡಿಗೆ ಪೇಪರ್ ತಡವಾಗಿ ಬರುತ್ತೇನೋ."

ಇಬ್ಬರನ್ನೂ ಹೊರಗೆ ಅಟ್ಟಲು ಅವಳು ಎದ್ದೇ ಬಿಡುತ್ತಿದ್ದಳು. ಮೇಜಿನ ಕೆಳಗೆ ಆ-ಹುನ್ ಅವಳ ಮಂಡಿ ಒತ್ತಿ ಹಿಡಿದಳು. ಆ-ಖೆಂಗ್ ಕುರ್ಚಿ ಮುಂದಕ್ಕೆಳೆದುಕೊಂಡು, "ಬರ್ತೀವಿ. ಆದ್ರೆ ಪಡಸಾಲೇಲಿ ಇಬ್ರ ಹೆಸರಿನ ಹಲಗೆ ಮೊದಲು, ನಿಮ್ಮ ಫೋಟೋ ಆಮೇಲೆ," ಎಂದಳು.

ಗೋ ಮುಖ ಸಣ್ಣದಾಯಿತು. "ಅದು ಹಿರಿಯರ ಜಾಗ. ದೇವ್ರನ್ನ ಕೇಳ್ಬೇಕಾಗುತ್ತೆ..."

"ಕೇಳಿ. ಕೌನ್ಸಿಲರ್ ಸಾಹೇಬ್ರೂ ಇಲ್ಲೇ ಇದಾರೆ, ದೇವ್ರಿಗೆ ಅನುಕೂಲ."

ಮರದ ತುಂಡುಗಳು ಗೋ ಜೇಬಿನಲ್ಲೇ ಇದ್ದವು. ಊಟದ ಮೇಜುಗಳ ನಡುವೆ ಎಸೆದ. ಎರಡೂ ಬೋರಲು. "ನೋಡಿದ್ರಾ?" ಎಂದು ಗೋ ಎದ್ದು ನಿಂತ. ತಾನ್ ಹಲ್ಲು ಕಚ್ಚಿಕೊಂಡು, "ಸರಿಯಾಗಿ ಎಸೀರಿ," ಎಂದ. ಈ ಸಲ ಎರಡೂ ಅಂಗಾತ, ದೇವರ ನಗು. ತಾನ್ ಕಣ್ಣು ಬಿಟ್ಟ ರೀತಿಗೆ ಗೋ ಮೂರನೇ ಸಲ ಸರಸರ ಎಸೆದ. ಒಂದು ಅಂಗಾತ, ಒಂದು ಬೋರಲು. ಆ ಮೂರರಲ್ಲಿ ದೇವರು ಮನಸ್ಸುಬಿಚ್ಚಿ ಹೇಳಿದ್ದು ಎರಡನೆಯದನ್ನು ಮಾತ್ರ ಎಂದು ಆ-ಖೆಂಗ್ ಇವತ್ತಿಗೂ ಹೇಳುತ್ತಾಳೆ.

ಹಲಗೆಯನ್ನು ಅವಳೇ ಬರೆದಳು. ಎರಡು ಹೆಸರು, ಅಕ್ಕಪಕ್ಕ. ಬದುಕಿರುವವರ ಹೆಸರಾದ್ದರಿಂದ ಮೇಲೆ ಕೆಂಪು ಕಾಗದ ಅಂಟಿಸಿ, ಪಡಸಾಲೆಯಲ್ಲಿ ಕೂರಿಸಿ, ಗೋ ಬೀಗ ಹಾಕುವವರೆಗೆ ಅಲ್ಲಿಂದ ಕದಲಲಿಲ್ಲ. ಮಾರನೆಯ ದಿನ ತಾನ್ ಕಚೇರಿಯಿಂದ ಫೋನು ಬಂತು: "ಯಾವಾಗ್ಲೂ ಬರೆಯೋದೇ, ಹನ್ನೆರಡು."

ಮದುವೆಯ ದಿನ ಅಂಗಳದ ತುಂಬ ಜನ, ಟೀವಿಯವರು, ಪಟಾಕಿ. ನೋಂದಣಿಗೆ ಇಬ್ಬರೂ ಸಹಿ ಹಾಕಿದರು. ತಾನ್ ಮೈಕು ಹಿಡಿದು ಪ್ರೀತಿ, ಸಮಾನತೆ, ತನ್ನ ವಿಶಾಲ ಹೃದಯ ಎಲ್ಲದರ ಬಗ್ಗೆ ಅರ್ಧ ಗಂಟೆ ಕೊರೆದ. ಆಮೇಲೆ ಅರವತ್ತಮೂರರ ಮತ್ತು ಅರವತ್ತಾರರ ಇಬ್ಬರು ವಧುಗಳ ಮುಂದೆ ಕೆಂಪು ಬಟ್ಟೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಓದಿದ: "ಬೇಗ ಗಂಡುಮಗು ಹುಟ್ಟಲಿ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ, ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡಿತು. ಟೀವಿಯವನ ಕ್ಯಾಮೆರಾ ಕುಣಿಯುತ್ತಿತ್ತು. ತಾನ್ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪಕ್ಕದಲ್ಲಿ ತನ್ನದೇ ಹೆಸರು, ಕೋಳಿ ಬೋರ್ಡಿನಷ್ಟು ದಪ್ಪಗೆ.

ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಆ-ಖೆಂಗ್‌ಗೆ ನಗು ತಡೆಯಲಾಗುತ್ತಿರಲಿಲ್ಲ. ಆ-ಹುನ್ ಬಿಸಿ ಅನ್ನದ ಮೇಲೆ ಕೋಳಿ ಎಳೆಗಳನ್ನು ಹರಡುತ್ತ ಕೇಳಿದಳು:

"ಬರೆಯೋವಾಗ್ಲೇ ಗೊತ್ತಿತ್ತಲ್ವಾ ನಿಂಗೆ? ತಿದ್ದಬಹುದಿತ್ತು."

"ನಾನ್ಯಾಕೆ ತಿದ್ಲಿ? ಅವನು ಹೇಳಿದ್ದನ್ನ ಒಂದಕ್ಷರ ಆಚೀಚೆ ಮಾಡ್ದೋಳಲ್ಲ ನಾನು. ನಾಕು ವರ್ಷದ ಹಿಂದೂ ಹೇಳಿದಷ್ಟೇ ಬರೆದೆ, ಇವತ್ತೂ ಅಷ್ಟೇ."

ಆ-ಹುನ್ ಬಟ್ಟಲನ್ನು ಅವಳ ಮುಂದಿಟ್ಟಳು.

"ಅವತ್ತು ತಿದ್ದಬೇಕಿತ್ತು ಕಣೇ."

ಆ-ಖೆಂಗ್ ನಗು ನಿಂತಿತು. ಆ-ಹುನ್ ಈ ಸಲ ಒಳಗೆ ಹೋಗಲಿಲ್ಲ, ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಆ-ಖೆಂಗ್ ತಲೆ ತಗ್ಗಿಸಿ ಉಣ್ಣತೊಡಗಿದಳು.