ಹೆರಿಗೆ ಕೋಣೆಯಲ್ಲಿ ಬಳೆಶಾಸ್ತ್ರ

"ನಾನು ಬಾಯಿ ಬಿಟ್ಟೆ ಅಂದ್ರೆ ನಂದಿ ಬೆಟ್ಟದ ಮೇಲಿರೋ ಮೋಡ ಆಂಧ್ರಕ್ಕೆ ಹೋಗಿ ಬೀಳ್ತದೆ" ಎಂದು ಅಕ್ಕಯ್ಯಮ್ಮ ಹೇಳುವುದನ್ನು ಪೆರೇಸಂದ್ರದ ಸುತ್ತಮುತ್ತ ಕೇಳದ ಕಿವಿಯಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ. ಆಕೆ ಹಿತ್ತಲಲ್ಲಿ ನಿಂತು ತನ್ನ ಎಮ್ಮೆಯನ್ನು ಬೈದರೆ ಪಕ್ಕದೂರಿನ ಎಮ್ಮೆಗಳೂ ತಲೆ ತಗ್ಗಿಸುತ್ತಿದ್ದವು. ಆ ಗಂಟಲನ್ನು ನಂಬಿಯೇ ಊರಿನ ಹೆಂಗಸರು ಅವಳನ್ನು ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸದಸ್ಯೆ ಮಾಡಿ ಕಳಿಸಿದ್ದರು.

ಆಸ್ಪತ್ರೆಯ ಗೋಡೆಯ ಮೇಲೆ "ಇಪ್ಪತ್ತನಾಲ್ಕು ಗಂಟೆಯೂ ಹೆರಿಗೆ ಸೌಲಭ್ಯ" ಎಂದು ಬರೆದಿತ್ತು. ಅಕ್ಷರ ಎಷ್ಟು ದೊಡ್ಡದೆಂದರೆ ವಿಮಾನದಲ್ಲಿ ಹೋಗುವವರು ಓದಿಕೊಂಡು, ಇಳಿದು, ಹೆತ್ತು ಹೋಗಬಹುದಿತ್ತು. ಹೆರಿಗೆ ಕೋಣೆಗೆ ಮಾತ್ರ ಸದಾ ಬೀಗ. ಹೋದ ತಿಂಗಳು ನೆರೆಮನೆ ಆಂಜಿನಮ್ಮನ ಸೊಸೆ ಆ ಬೀಗ ನೋಡಿಕೊಂಡು ಹೋಗಿ, ಚಿಕ್ಕಬಳ್ಳಾಪುರದ ದಾರಿಯಲ್ಲಿ ಆಟೋದಲ್ಲೇ ಹೆತ್ತಳು. ಕೂಸು ಕಣ್ಣು ಬಿಟ್ಟು ಮೊದಲು ಕಂಡದ್ದು ಅಮ್ಮನನ್ನಲ್ಲ, ಗಾಜಿಗೆ ಅಂಟಿಸಿದ್ದ ಸಿನಿಮಾ ನಟನನ್ನು. ಈಗ ಅಕ್ಕಯ್ಯಮ್ಮನ ಮಗಳು ಹರಿತಾ ಒಂಬತ್ತು ತುಂಬಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

ಸಮಿತಿಯ ಸಭೆಗೆ ಅಕ್ಕಯ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದಳು. ಡಾಕ್ಟರು ಮಧುಸೂದನ್ ಎದ್ದು ನಿಂತು ಕೈಮುಗಿದು, ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಸೇವಂತಿಗೆ ಹಾರ ಹಾಕಿ, "ಇಂಥ ತಾಯಂದಿರು ಇರೋದ್ರಿಂದಲೇ ನಮ್ಮ ಆಸ್ಪತ್ರೆ ನಡೀತಿದೆ" ಅಂದರು. ಹುಟ್ಟಿದಾಗಿನಿಂದ ತನ್ನನ್ನು ಕಂಡು ಯಾರೂ ಎದ್ದು ನಿಂತದ್ದನ್ನು ನೋಡದ ಹೆಂಗಸು. ಸಭೆ ಮುಗಿಯುವವರೆಗೆ ಆಕೆ ಬಾಯಿ ಬಿಟ್ಟದ್ದು ಬಾದುಷಾ ತಿನ್ನಲು ಮಾತ್ರ.

ಮನೆಗೆ ಬಂದರೆ ಜಗಲಿಯ ಮೇಲೆ ಆಂಜಿನಮ್ಮ ಕಾದಿದ್ದಳು. "ಏನಕ್ಕಾ, ಮೋಡ ಆಂಧ್ರ ಮುಟ್ತಾ?"

"ಶಾಲು ಹೊದ್ಸಿದ್ರು ಕಣೇ."

"ಒಳ್ಳೇದಾಯ್ತು ಬಿಡು. ಆಟೋದಲ್ಲಿ ಮೊಮ್ಮಗೂನ ಸುತ್ತಕ್ಕೆ ಬೇಕಾಗ್ತದೆ."

ಹರಿತಾ ನಗಲಿಲ್ಲ. "ಆ ಕೋಣೆ ತೆಗೀತಾರಾ ಇಲ್ವಾ, ಅದಷ್ಟು ಹೇಳಮ್ಮ" ಅಂದಳು.

ಅಂದು ಅಕ್ಕಯ್ಯಮ್ಮನಿಗೆ ಊಟ ಸೇರಲಿಲ್ಲ. ಮೂರೇ ಮುದ್ದೆಗೆ ಕೈ ತೊಳೆದುಬಿಟ್ಟಳು.

ಮಗಳಿಗೆ ತವರಿನ ಬಳೆಶಾಸ್ತ್ರ ಇನ್ನೂ ಬಾಕಿಯಿತ್ತು. ಶುಕ್ರವಾರ ಬೆಳಿಗ್ಗೆ ಊರಿನ ಹೆಂಗಸರನ್ನೆಲ್ಲ ಅದಕ್ಕೆ ಕರೆದಳು, ಮನೆಗಲ್ಲ, ಆಸ್ಪತ್ರೆಗೆ. ಬಳೆಗಾರ, ಅರಿಶಿನ ಕುಂಕುಮದ ತಟ್ಟೆ, ಚಿತ್ರಾನ್ನದ ಕೊಳಗ, ಒಬ್ಬಟ್ಟಿನ ಬುಟ್ಟಿ. ಮೆರವಣಿಗೆಯ ತಲೆ ಆಸ್ಪತ್ರೆಯ ಗೇಟಿನಲ್ಲಿದ್ದಾಗ ಬಾಲ ಗೌರಿಬಿದನೂರಿನಲ್ಲಿತ್ತು ಎಂದು ನೋಡಿದವರು ಆಣೆ ಇಟ್ಟು ಹೇಳುತ್ತಾರೆ.

"ಹೆರೋ ಜಾಗದಲ್ಲೇ ಬಳೆ ತೊಡಿಸ್ಬೇಕು ಅಂತ ಮನೆದೇವ್ರ ಅಪ್ಪಣೆ ಆಗೈತೆ. ಬಾಗ್ಲು ತೆಗಿಯಮ್ಮ" ಎಂದಳು ನರ್ಸ್ ಶೋಭಾರಾಣಿಗೆ. ಆ ಅಪ್ಪಣೆಯ ವಿಷಯ ದೇವರಿಗೂ ಗೊತ್ತಾದದ್ದು ಆವಾಗಲೇ. ತುಂಬು ಬಸುರಿಯ ಶಾಸ್ತ್ರಕ್ಕೆ ಅಡ್ಡ ನಿಂತ ಪಾಪ ಯಾರಿಗೆ ಬೇಕು? ಶೋಭಾರಾಣಿ ಬೀಗ ತೆಗೆದಳು.

ಒಳಗೆ ಹೆರಿಗೆ ಮಂಚದ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಚೀಲ, ಮುರಿದ ಕುರ್ಚಿ, ಸುರಕ್ಷಿತ ಹೆರಿಗೆಯ ಮಹತ್ವ ಸಾರುವ ಫ್ಲೆಕ್ಸುಗಳ ರಾಶಿ. ನಲ್ಲಿ ತಿರುಗಿಸಿದರೆ ಜಿರಲೆ ಬಂತು, ನೀರು ಬರಲಿಲ್ಲ.

ಹೆಂಗಸರು ಗಲಾಟೆ ಮಾಡಲಿಲ್ಲ. ಬಾಗಿಲ ತುಂಬ ಚಾಪೆ ಹಾಸಿ ಕುಳಿತರು. "ಮಂಚ ಖಾಲಿ ಆಗ್ಲಿ, ನೀರು ಬರ್ಲಿ, ರಾತ್ರಿ ಹೊತ್ತು ಯಾರು ಇರ್ತಾರೆ ಅಂತ ತೀರ್ಮಾನ ಆಗ್ಲಿ. ನಮಗೇನು ಅವಸರ ಇಲ್ಲ, ಒಬ್ಬಟ್ಟು ಐತೆ" ಎಂದಳು ಅಕ್ಕಯ್ಯಮ್ಮ.

ಡಾಕ್ಟರು ಮೊದಲು ಮೇಲಿನವರಿಗೆ ಫೋನು ಮಾಡಿದರು, ಆಮೇಲೆ ಇನ್ನೊಂದು ಶಾಲು ತರಿಸಿದರು. ಅಕ್ಕಯ್ಯಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಹರಿತಾಳಿಗೆ ಕೂರಲು ಹಾಸಿಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಚೀಲಗಳು ಹೊರಬಿದ್ದವು, ನಲ್ಲಿಯಲ್ಲಿ ನೀರು ಬಂತು, ರಾತ್ರಿ ಪಾಳಿಗೆ ಇಬ್ಬರು ನರ್ಸುಗಳು ಸರದಿಯ ಮೇಲೆ ಇರುತ್ತಾರೆಂದು ಡಾಕ್ಟರು ಎಲ್ಲರೆದುರು ಒಪ್ಪಿಕೊಂಡರು. ಬೀಗವನ್ನು ಆಂಜಿನಮ್ಮ ಸೆರಗಿಗೆ ಕಟ್ಟಿಕೊಂಡಳು. ತೊಳೆದ ಮಂಚದ ಪಕ್ಕ ಕುಳಿತು ಹರಿತಾ ಹಸಿರು ಬಳೆ ತೊಟ್ಟಳು.

ಡಾಕ್ಟರು ಬೆವರು ಒರೆಸಿಕೊಂಡು, "ಅಲ್ಲ ಅಕ್ಕಯ್ಯಮ್ಮನೋರೇ, ಇದನ್ನ ಆಸ್ಪತ್ರೆ ಅಂದ್ಕೊಂಡ್ರಾ, ಕಲ್ಯಾಣ ಮಂಟಪ ಅಂದ್ಕೊಂಡ್ರಾ?" ಎಂದು ಕೇಳಿದರು.

"ಆಸ್ಪತ್ರೆ ಅಂತ ಗೊತ್ತು ಸಾಮಿ" ಎಂದಳು ಅಕ್ಕಯ್ಯಮ್ಮ, ಅವರ ಕೈಗೊಂದು ಒಬ್ಬಟ್ಟು ಇಡುತ್ತಾ. "ಕಲ್ಯಾಣ ಮಂಟಪ ಆಗಿದ್ರೆ ನಾವು ಬರಕ್ಕೆ ಮುಂಚೇನೇ ಬಾಗ್ಲು ತೆಗೆದಿರೋರು."